ಸ್ಕೋಪ್ ಇದೆಯಾ ಎಂದು ಕೇಳುವ ಮೊದಲು: ಪಿಯುಸಿ ಮಕ್ಕಳಿಗೆ, ಅವರ ಅಪ್ಪ-ಅವ್ವಂದಿರಿಗೆ ಒಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ತಂಗಿ-ತಮ್ಮಂದಿರೇ, ಅವರ ಅಪ್ಪ-ಅವ್ವಂದಿರೇ,

ಪಿಯುಸಿ ರಿಸಲ್ಟ್ ಬಂತೆಂದರೆ ನನಗೆ ಫೋನ್ ಶುರು. "ಅಕ್ಕಾರ, ಫುಡ್ ಆ್ಯಂಡ್ ನ್ಯೂಟ್ರಿಶನ್‌ಗೆ ಸ್ಕೋಪ್ ಐತೇನ್ರಿ?" ಕೇಳುವವರು ಹೆಚ್ಚಾಗಿ ಅಪ್ಪಂದಿರು. ಮಗಳು ಪಕ್ಕದಲ್ಲೇ ಇರುತ್ತಾಳೆ, ಮಾತಾಡುವುದಿಲ್ಲ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವುದಕ್ಕಿಂತ ಎಲ್ಲರಿಗೂ ಒಂದೇ ಸಲ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ನಾನು ಧಾರವಾಡದಲ್ಲಿ ಗೃಹ ವಿಜ್ಞಾನ ಓದಿದವಳು. ಮೊದಲು ಆಸ್ಪತ್ರೆಯಲ್ಲಿ ಡಯಟೀಶಿಯನ್ ಆಗಿದ್ದೆ. ಆಮೇಲೆ ಒಂದು ಮಸಾಲೆ ಘಟಕದ ಕ್ವಾಲಿಟಿ ವಿಭಾಗ ಸೇರಿದೆ. ಈಗ ಚಟ್ನಿಪುಡಿ, ರೊಟ್ಟಿ, ಉಪ್ಪಿನಕಾಯಿ ಮಾಡುವ ಸಣ್ಣ ಘಟಕಗಳಿಗೆ ಲೈಸೆನ್ಸ್, ಲೇಬಲ್, ಪರೀಕ್ಷೆಯ ಕೆಲಸ ಮಾಡಿಕೊಡುತ್ತೇನೆ. ದೊಡ್ಡ ಹೆಸರೇನೂ ಇಲ್ಲ. ಆದರೆ ಈ ಲೈನಿನ ಮೂರು ಮನೆಯ ಒಳಗೆ ಓಡಾಡಿದ್ದೇನೆ.

ಕೆಲಸ ಇದೆ. ಆದರೆ ನರ್ಸಿಂಗ್ ಓದಿದರೆ ನರ್ಸ್ ಎಂಬ ಹಾಗೆ ನೇರವಾಗಿಲ್ಲ. ನಮ್ಮ ಒಂದೇ ಬೆಂಚಿನಲ್ಲಿ ಕೂತು ಓದಿದವರಲ್ಲಿ ಒಬ್ಬಳು ಐಸಿಯು ರೋಗಿಗಳ ಟ್ಯೂಬ್ ಫೀಡ್ (ಕೊಳವೆಯಿಂದ ಕೊಡುವ ಆಹಾರ) ಲೆಕ್ಕ ಹಾಕುತ್ತಾಳೆ. ಇನ್ನೊಬ್ಬಳು ಮೆಣಸಿನಕಾಯಿಯ ಬಣ್ಣ ಅಳೆಯುತ್ತಾಳೆ. ಮತ್ತೊಬ್ಬಳು ಅಂಗನವಾಡಿ ಮೇಲ್ವಿಚಾರಕಿ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ಕಾಗದ, ಬೇರೆ ಬೇರೆ ತರಬೇತಿ ಬೇಕು. ಪದವಿ ಮುಗಿದ ಮೇಲೆ "ಈಗೇನು?" ಎಂದು ಯೋಚಿಸಲು ಕೂತರೆ ತಡವಾಗಿರುತ್ತದೆ. ಎರಡನೇ ವರ್ಷ ಮುಗಿಯುವಷ್ಟರಲ್ಲಿ ನಿಮಗೆ ಯಾವ ಕೆಲಸ ಬೇಕು ಎಂಬುದು ಗೊತ್ತಿರಬೇಕು. ಮುಂದೆ ಬರೆದಿರುವುದೆಲ್ಲ ಅದನ್ನು ಗೊತ್ತುಮಾಡಿಕೊಳ್ಳಲಿಕ್ಕೆ.

ಮೊದಲು ಅಪ್ಪ-ಅವ್ವಂದಿರ ಜೊತೆ ಎರಡು ಮಾತು. "ಅಡಗಿ ಮನ್ಯಾಗ ನಾನ ಕಲಸ್ತೇನಿ, ಅದಕ್ಕ ಯಾಕ್ರಿ ಕಾಲೇಜು?" ಎಂದು ಅವ್ವಂದಿರು ನಗುತ್ತಾರೆ. ಸರಿ ಅವ್ವ. ಜೋಳದ ಹಿಟ್ಟಿಗೆ ಕುದಿಯುವ ನೀರನ್ನೇ ಯಾಕೆ ಹಾಕುತ್ತೀರಿ? ತಣ್ಣೀರು ಹಾಕಿದರೆ ರೊಟ್ಟಿ ಬಡಿಯುವಾಗ ಒಡೆಯುತ್ತದೆ, ಅದು ನಿಮಗೆ ಗೊತ್ತು. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಪ್ರೋಟೀನ್ ಜೋಳದಲ್ಲಿಲ್ಲ. ಬಿಸಿನೀರಿಗೆ ಜೋಳದ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆ ಅಂಟಿನಿಂದಲೇ ಹಿಟ್ಟು ಕೂಡಿಕೊಳ್ಳುತ್ತದೆ. ದಿನಕ್ಕೆ ಹತ್ತು ಸಾವಿರ ರೊಟ್ಟಿ ಮಾಡುವ ಮೆಷಿನ್ ಇಡಬೇಕೆಂದರೆ ನೀರು ಎಷ್ಟು ಬಿಸಿ, ಹಿಟ್ಟು ಎಷ್ಟು ನುಣ್ಣಗೆ, ಎಷ್ಟು ಹೊತ್ತು ನಾದಬೇಕು ಎಂದು ಅಳತೆಯಲ್ಲಿ ಹೇಳುವವರು ಬೇಕು. ನಿಮ್ಮ ಕೈಗೆ ಗೊತ್ತಿರುವುದನ್ನು ಅಳತೆಗೆ ತರುವುದೇ ಕಾಲೇಜಿನ ಓದು. ಅದರಲ್ಲಿ ರಸಾಯನಶಾಸ್ತ್ರ ಇದೆ, ಸೂಕ್ಷ್ಮಜೀವಿಶಾಸ್ತ್ರ ಇದೆ, ಸಂಖ್ಯಾಶಾಸ್ತ್ರ ಇದೆ. ಕೆಮಿಸ್ಟ್ರಿಯಿಂದ ತಪ್ಪಿಸಿಕೊಳ್ಳಲು ಮಗಳನ್ನು ಇಲ್ಲಿಗೆ ಕಳಿಸುತ್ತಿದ್ದರೆ ದಯವಿಟ್ಟು ಬೇಡ. ಇಲ್ಲಿ ಕೆಮಿಸ್ಟ್ರಿ ಜಾಸ್ತಿ.

ಇನ್ನೊಂದು ಮಾತು: "ಹೆಣ್ಣುಮಕ್ಕಳಿಗೆ ಛಲೋ ಲೈನ್ ರೀ, ಮದುವಿ ಆಗೂತನಕ ಓದಲಿ." ಈ ಮಾತು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನಾಲ್ಕು ವರ್ಷದ ವೃತ್ತಿ ಪದವಿಯನ್ನು ಬಸ್ ಸ್ಟ್ಯಾಂಡಿನ ಬೆಂಚು ಮಾಡಬೇಡಿ. ಹಾಗೆಯೇ, ಗಂಡುಮಕ್ಕಳು ಸೇರಿದರೆ ನಗಬೇಡಿ. ಫುಡ್ ಫ್ಯಾಕ್ಟರಿಯ ಶಿಫ್ಟುಗಳಲ್ಲಿ, ಲ್ಯಾಬುಗಳಲ್ಲಿ ಅವರೂ ಇದ್ದಾರೆ.

ಇನ್ನು ಮಕ್ಕಳಿಗೆ. ಯಾವ ಕೋರ್ಸ್ ಎಂಬುದರಲ್ಲೇ ಮೊದಲ ಗೊಂದಲ. ನಮ್ಮ ಕಡೆ ಎಲ್ಲವನ್ನೂ ಸೇರಿಸಿ "ಹೋಮ್ ಸೈನ್ಸ್" ಎಂದುಬಿಡುತ್ತೇವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ಕಾಲೇಜು 1974ರಲ್ಲಿ ಗ್ರಾಮೀಣ ಗೃಹ ವಿಜ್ಞಾನ ಮಹಾವಿದ್ಯಾಲಯವಾಗಿ ಶುರುವಾಯಿತು. ಆಗ ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು. ಧಾರವಾಡಕ್ಕೆ ಸ್ವಂತ ಕೃಷಿ ವಿಶ್ವವಿದ್ಯಾಲಯ ಬಂದದ್ದು 1986ರಲ್ಲಿ. ಈಗ ಆ ಕಾಲೇಜಿನ ಹೆಸರು ಸಮುದಾಯ ವಿಜ್ಞಾನ ಮಹಾವಿದ್ಯಾಲಯ. ಪದವಿ ನಾಲ್ಕು ವರ್ಷದ್ದು. ಆಹಾರ ಮತ್ತು ಪೋಷಣೆ ಅದರ ಒಂದು ಭಾಗ ಮಾತ್ರ. ಜವಳಿ ಮತ್ತು ಉಡುಪು ವಿನ್ಯಾಸ, ಮಕ್ಕಳ ಬೆಳವಣಿಗೆ, ಕುಟುಂಬ ಸಂಪನ್ಮೂಲ ನಿರ್ವಹಣೆ, ವಿಸ್ತರಣೆ (ಕಲಿತದ್ದನ್ನು ಊರಿನ ಜನರಿಗೆ ಮುಟ್ಟಿಸುವುದು) ಇವೆಲ್ಲವನ್ನೂ ಓದಬೇಕು. ಪ್ರವೇಶ ಸಿಇಟಿ ಮೂಲಕ. ರೈತರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಹೊಲದ ಕಾಗದಪತ್ರ ಮೊದಲೇ ತಹಶೀಲ್ದಾರ್ ಕಚೇರಿಯಿಂದ ಮಾಡಿಸಿಟ್ಟುಕೊಳ್ಳಿ. ಕೊನೇ ವಾರ ಸರ್ವರ್ ಡೌನ್ ಇರುತ್ತದೆ, ಅದು ನಿಮಗೂ ಗೊತ್ತು.

ಪದವಿ ಕಾಲೇಜುಗಳಲ್ಲಿ ಸಿಗುವ ಬಿ.ಎಸ್ಸಿ. ಗೃಹ ವಿಜ್ಞಾನ ಅಥವಾ ಆಹಾರ-ಪೋಷಣೆ ಬೇರೆಯದು. ಫುಡ್ ಟೆಕ್ನಾಲಜಿ ಬಿ.ಟೆಕ್ ಮತ್ತೂ ಬೇರೆ. ಅದು ಎಂಜಿನಿಯರಿಂಗ್, ಮೆಷಿನ್ ಮತ್ತು ಸಂಸ್ಕರಣೆಯ ಓದು, ಪಿಯುಸಿಯಲ್ಲಿ ಗಣಿತ ಇರಬೇಕು. ಹೋಟೆಲ್ ಮ್ಯಾನೇಜ್‌ಮೆಂಟ್‌ಗೂ ಇವುಗಳಿಗೂ ಸಂಬಂಧ ಕಡಿಮೆ. ಒಂದನ್ನು ಮತ್ತೊಂದು ಎಂದು ತಿಳಿದು ಸೇರಿ, ಎರಡನೇ ಸೆಮಿಸ್ಟರಿನಲ್ಲಿ ಅಳುವ ಮಕ್ಕಳನ್ನು ನೋಡಿದ್ದೇನೆ.

ಒಂದು ಸಣ್ಣ ಎಚ್ಚರಿಕೆ. ಕೆಲವು ನೌಕರಿ ಅಧಿಸೂಚನೆಗಳಲ್ಲಿ ಇನ್ನೂ "ಗೃಹ ವಿಜ್ಞಾನ" ಎಂದೇ ಬರೆದಿರುತ್ತದೆ. ನಿಮ್ಮ ಸರ್ಟಿಫಿಕೇಟಿನಲ್ಲಿ "ಸಮುದಾಯ ವಿಜ್ಞಾನ" ಎಂದಿರುತ್ತದೆ. ಎರಡೂ ಸಮಾನ ಎಂಬ ಪತ್ರವನ್ನು ವಿಶ್ವವಿದ್ಯಾಲಯದಿಂದ ಮೊದಲೇ ಕೇಳಿ ಇಟ್ಟುಕೊಳ್ಳಿ. ದಾಖಲೆ ಪರಿಶೀಲನೆಯ ದಿನ ಕೌಂಟರಿನಲ್ಲಿ ನಿಂತು ವಾದ ಮಾಡುವ ಕಷ್ಟ ತಪ್ಪುತ್ತದೆ.

ಡಯಟೀಶಿಯನ್ ಆಗಬೇಕೆಂಬ ಆಸೆ ಬಹಳ ಜನಕ್ಕೆ. ಬಿಳಿ ಕೋಟು, ಆಸ್ಪತ್ರೆ, ಸ್ವಂತ ಕೋಣೆ. ಇದಕ್ಕೆ ಬರೀ ಬಿ.ಎಸ್ಸಿ. ಸಾಲುವುದಿಲ್ಲ. ಎಂ.ಎಸ್ಸಿ. ಅಥವಾ ಡಯಟೆಟಿಕ್ಸ್‌ನಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಬೇಕು. ಅದರ ಮೇಲೆ ಆಸ್ಪತ್ರೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್. ನಂತರ ಇಂಡಿಯನ್ ಡಯಟೆಟಿಕ್ ಅಸೋಸಿಯೇಶನ್ ನಡೆಸುವ ಪರೀಕ್ಷೆ ಪಾಸಾದರೆ 'ಆರ್‌ಡಿ', ಅಂದರೆ ನೋಂದಾಯಿತ ಡಯಟೀಶಿಯನ್. ದೊಡ್ಡ ಆಸ್ಪತ್ರೆಗಳು ಈ ಎರಡು ಅಕ್ಷರವನ್ನು ನೋಡುತ್ತವೆ. 2021ರಲ್ಲಿ ಸಂಬಂಧಿತ ಆರೋಗ್ಯ ವೃತ್ತಿಗಳಿಗೆಂದೇ ಕೇಂದ್ರದ ಕಾನೂನು ಬಂತು. ಪೋಷಣಾ ತಜ್ಞರೂ ಅದರೊಳಗೆ ಬರುತ್ತಾರೆ. ಆ ಕಾನೂನಿನ ಹಿನ್ನೆಲೆಯಲ್ಲೇ ಯುಜಿಸಿ 2025ರಲ್ಲಿ ಆಹಾರ-ಪೋಷಣೆ ವಿಜ್ಞಾನ, ಕ್ಲಿನಿಕಲ್ ನ್ಯೂಟ್ರಿಶನ್ ಮತ್ತು ಡಯಟೆಟಿಕ್ಸ್ ಕೋರ್ಸುಗಳನ್ನು ದೂರಶಿಕ್ಷಣ, ಆನ್‌ಲೈನ್ ಮೂಲಕ ನಡೆಸಬಾರದು ಎಂದು ಹೇಳಿತು. ಆದ್ದರಿಂದ "ಮನೆಯಲ್ಲೇ ಕೂತು ಡಯಟೀಶಿಯನ್ ಆಗಿ" ಎಂಬ ಜಾಹೀರಾತಿಗೆ ಹಣ ಕಟ್ಟಬೇಡಿ. ಮೂರು ತಿಂಗಳ ಸರ್ಟಿಫಿಕೇಟ್ ಹಿಡಿದು ಪ್ರೋಟೀನ್ ಪುಡಿ ಮಾರುವವರ ಸಾಲಿಗೆ ಹೋಗಿ ನಿಲ್ಲುತ್ತೀರಿ, ಅಷ್ಟೇ.

ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ವೈದ್ಯಕೀಯ ಸಂಸ್ಥೆಗಳು ಹೀಗೆ ನಮ್ಮ ಕಡೆ ದೊಡ್ಡ ಆಸ್ಪತ್ರೆಗಳಿಗೆ ಕೊರತೆ ಇಲ್ಲ. ಆದರೆ ಒಂದು ಆಸ್ಪತ್ರೆಗೆ ಎಷ್ಟು ಜನ ಡಯಟೀಶಿಯನ್ ಎಂದು ಎಣಿಸಿದರೆ ಕೈಬೆರಳು ಸಾಕು. ಆರಂಭದ ಸಂಬಳ ನಿಮ್ಮ ಓದಿಗೆ ತಕ್ಕ ಹಾಗೆ ಇರುವುದಿಲ್ಲ. ನಾನು ಕೆಲಸ ಮಾಡಿದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟೀಶಿಯನ್ ಎಂದರೆ ಕ್ಯಾಂಟೀನ್ ಪ್ಲೇಟು ಎಣಿಸುವವಳು ಎಂದೇ ಆಡಳಿತದವರು ತಿಳಿದಿದ್ದರು. ಬೆಳಿಗ್ಗೆ ಇಡ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬ ರಿಜಿಸ್ಟರ್. ರೋಗಿಯ ಹತ್ತಿರ ಹೋಗಲು ಸಿಗುತ್ತಿದ್ದದ್ದು ಅದು ಮುಗಿದ ಮೇಲೆ. ಇಂಟರ್‌ವ್ಯೂನಲ್ಲಿ ನೀವೇ ಕೇಳಿ: ವಾರ್ಡ್ ರೌಂಡ್‌ಗೆ ನನ್ನನ್ನು ಕರೆದುಕೊಂಡು ಹೋಗುತ್ತೀರಾ? ರೋಗಿಯ ಫೈಲಿನಲ್ಲಿ ನಾನು ಬರೆಯಬಹುದಾ? ಉತ್ತರದಲ್ಲೇ ಆ ಜಾಗ ಎಂಥದ್ದು ಎಂದು ಗೊತ್ತಾಗುತ್ತದೆ.

ಈ ಕೆಲಸದಲ್ಲಿ ನಮ್ಮ ಊರಿನ ಹುಡುಗಿಯರಿಗೆ ಒಂದು ದೊಡ್ಡ ಅನುಕೂಲ ಇದೆ, ಅದು ಅವರಿಗೇ ಗೊತ್ತಿಲ್ಲ. ಶಿರಹಟ್ಟಿಯಿಂದ ಬಂದ ಸಕ್ಕರೆ ಕಾಯಿಲೆಯ ಅಜ್ಜನಿಗೆ ಓಟ್ಸ್, ಬ್ರೌನ್ ಬ್ರೆಡ್ ಬರೆದ ಚಾರ್ಟ್ ಕೊಟ್ಟರೆ ಆತ ಅದನ್ನು ಮಡಚಿ ಜೇಬಿಗಿಟ್ಟು ಮರೆಯುತ್ತಾನೆ. ಆತ ತಿನ್ನುವುದು ರೊಟ್ಟಿ, ಝುಣಕ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ರೊಟ್ಟಿ ಎಷ್ಟು ದೊಡ್ಡದು, ಹೊತ್ತಿಗೆ ಎಷ್ಟು, ಕಾಳು-ಸೊಪ್ಪು ಎಷ್ಟು ಜಾಸ್ತಿ ಮಾಡಬೇಕು, ಅನ್ನ ಎಲ್ಲಿ ಕಡಿಮೆ ಮಾಡಬೇಕು ಎಂದು ಆತನ ತಾಟಿನ ಲೆಕ್ಕದಲ್ಲೇ ಹೇಳಬೇಕು. ಡಯಾಲಿಸಿಸ್‌ಗೆ ಬರುವವರ ಮನೆಯವರು ಪ್ರೀತಿಯಿಂದ ಎಳನೀರು ತರುತ್ತಾರೆ. "ತಂಪು ಅಲ್ವಾ" ಅನ್ನುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ಹೃದಯಕ್ಕೇ ಅಪಾಯ. ಬೇಡ ಎನ್ನುವುದು ಸುಲಭ. ಬೇಡ ಯಾಕೆ, ಬದಲಿಗೆ ಏನು, ತರಕಾರಿ ಹೆಚ್ಚಿ ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಿ ಪಲ್ಯ ಮಾಡುವುದು ಹೇಗೆ ಎಂದು ಆ ಮನೆಯ ಸೊಸೆಗೆ ಅವಳ ಮಾತಿನಲ್ಲಿ ಹೇಳಬೇಕು. ಹೊರಗಿನಿಂದ ಬಂದವರು ಎಷ್ಟೇ ಓದಿದ್ದರೂ ಇಲ್ಲಿ ತಡವರಿಸುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪೋಷಕಾಂಶ ಪಟ್ಟಿ ಪ್ರಕಟಿಸಿದೆ, 2024ರಲ್ಲಿ 17 ಆಹಾರ ಮಾರ್ಗಸೂಚಿಗಳನ್ನು ಕೊಟ್ಟಿದೆ. ಎರಡನ್ನೂ ಓದಿಕೊಂಡು, ನಿಮ್ಮ ಮನೆಯ ತಾಟಿಗೆ ಲೆಕ್ಕ ಹಾಕಿ ನೋಡಿ. ಮೊದಲ ವರ್ಷದಿಂದಲೇ ಮಾಡಬಹುದಾದ ಅಭ್ಯಾಸ ಇದು.

ಸರ್ಕಾರಿ ನೌಕರಿ ಕಡೆ ಬರೋಣ. ಇಲ್ಲದ ಆಸೆ ಹುಟ್ಟಿಸುವುದು ನನಗೆ ಇಷ್ಟವಿಲ್ಲ. ಹುದ್ದೆಗಳು ಇವೆ, ಭರ್ತಿಯಾಗುವುದು ಯಾವಾಗಲೋ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೇಲ್ವಿಚಾರಕಿ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಹುದ್ದೆಗಳು ನಮ್ಮವರ ಹಳೆಯ ದಾರಿ. ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ. ಇಷ್ಟು ವರ್ಷದ ಮೇಲೂ ಕೆಲಸ ಮುಗಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 35.4 ಶೇಕಡಾ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ 65.5 ಶೇಕಡಾ ಮಕ್ಕಳಿಗೆ ರಕ್ತಹೀನತೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇರುವ ಮಗುವನ್ನು ತೀವ್ರ ಅಪೌಷ್ಟಿಕತೆ ಎಂದು ಗುರುತಿಸುತ್ತಾರೆ. ಅಂಥ ಮಕ್ಕಳಲ್ಲಿ ಕಾಯಿಲೆ ಬಿದ್ದವರನ್ನು ಇಟ್ಟುಕೊಂಡು ನೋಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳು ಸರ್ಕಾರಿ ಆಸ್ಪತ್ರೆಗಳಲ್ಲಿವೆ. ಅಲ್ಲಿ ಪೋಷಣೆ ಓದಿದವರಿಗೆ ಜಾಗ ಇದೆ, ಹೆಚ್ಚಾಗಿ ಗುತ್ತಿಗೆ ಮೇಲೆ. ಅಲ್ಲಿ ಒಂದು ತಿಂಗಳು ಕೂತರೆ ಪುಸ್ತಕದ 'ಅಪೌಷ್ಟಿಕತೆ' ಅಧ್ಯಾಯ ಪೂರ್ತಿ ಬೇರೆಯಾಗಿ ಕಾಣುತ್ತದೆ.

ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಗೃಹ ವಿಜ್ಞಾನದ ವಿಷಯ ತಜ್ಞರು ಇರುತ್ತಾರೆ. ನಮ್ಮ ಕಡೆ ಹುಲಕೋಟಿಯಲ್ಲಿ, ಹನುಮನಮಟ್ಟಿಯಲ್ಲಿ ಕೇಂದ್ರಗಳಿವೆ. ಹುದ್ದೆ ಸಿಗುವುದು ಆಮೇಲಿನ ಮಾತು, ಒಂದು ದಿನ ಹೋಗಿ ಅವರು ಏನು ಮಾಡುತ್ತಾರೆ ನೋಡಿಕೊಂಡು ಬನ್ನಿ. ಆಹಾರ ಸುರಕ್ಷತಾ ಅಧಿಕಾರಿ ಆಗಬೇಕು ಎನ್ನುವವರಿಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಆ ಹುದ್ದೆಗೆ ಯಾವ ಪದವಿ ನಡೆಯುತ್ತದೆ ಎಂದು ನಿಯಮದಲ್ಲೇ ಪಟ್ಟಿ ಇದೆ. ಆಹಾರ ತಂತ್ರಜ್ಞಾನ, ಡೇರಿ ತಂತ್ರಜ್ಞಾನ, ಜೈವಿಕ ತಂತ್ರಜ್ಞಾನ, ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ ಹೀಗೆ. ನೀವು ಸೇರುವ ಪದವಿ ಆ ಪಟ್ಟಿಗೆ ಹೊಂದುತ್ತದಾ ಎಂದು ಸೇರುವ ಮೊದಲೇ ನೋಡಿ. "ಆಹಾರಕ್ಕೆ ಸಂಬಂಧಿಸಿದ್ದು ತಾನೇ, ನಡೆಯುತ್ತದೆ ಬಿಡು" ಎಂದು ಪಕ್ಕದ ಮನೆ ಕಾಕಾ ಹೇಳಿದ್ದು ಅರ್ಜಿ ಪರಿಶೀಲನೆಯಲ್ಲಿ ನಡೆಯುವುದಿಲ್ಲ.

ಪಾಠ ಮಾಡುವ ಆಸೆ ಇದ್ದವರು ಎಂ.ಎಸ್ಸಿ., ನಂತರ ಗೃಹ ವಿಜ್ಞಾನದಲ್ಲಿ ನೆಟ್ ಅಥವಾ ಕೆ-ಸೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆಗಳು), ಪಿಎಚ್.ಡಿ. ದಾರಿ ಉದ್ದ, ಆದರೆ ಗೊತ್ತಿರುವ ದಾರಿ. ಅಷ್ಟು ಸಾಕು.

ಈಗ ನನಗೆ ಹೆಚ್ಚು ಇಷ್ಟವಾದ ಕಡೆಗೆ ಬರುತ್ತೇನೆ. ನಮ್ಮ ಮಕ್ಕಳು ಕಣ್ಣೆತ್ತಿಯೂ ನೋಡದ ಕೆಲಸ ಇದು, ಜಾಗ ಮಾತ್ರ ಮನೆ ಬಾಗಿಲಲ್ಲೇ ಇದೆ. ಬ್ಯಾಡಗಿ ಮೆಣಸಿನಕಾಯಿ ಎಲ್ಲರಿಗೂ ಗೊತ್ತು. ಸೀಸನ್‌ನಲ್ಲಿ ಮಾರುಕಟ್ಟೆಯ ದಾರಿಯಲ್ಲಿ ನಡೆದರೆ ಸೀನು ಬರುತ್ತದೆ. ಆದರೆ ಆ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಜಾಸ್ತಿ. ಅದರ ಓಲಿಯೊರೆಸಿನ್ ಎಂಬ ಸಾರ ತೆಗೆದು ಆಹಾರಕ್ಕೆ, ಲಿಪ್‌ಸ್ಟಿಕ್‌ಗೆ ಬಣ್ಣವಾಗಿ ಬಳಸುತ್ತಾರೆ. ದೊಡ್ಡ ಖರೀದಿದಾರ ಕಣ್ಣಿನಿಂದ ನೋಡಿ ಕೊಳ್ಳುವುದಿಲ್ಲ. 'ಆಸ್ಟಾ', ಅಂದರೆ ಬಣ್ಣದ ಅಳತೆಯ ಅಂಕಿ, ಎಷ್ಟು ಎಂದು ಕೇಳುತ್ತಾನೆ. ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, ಸೋಸಿ, ಬೆಳಕಿನಿಂದ ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 460 ನ್ಯಾನೋಮೀಟರಿನ ಬೆಳಕಿಗೆ ಓದಿ ಆ ಅಂಕಿ ತೆಗೆಯುತ್ತಾರೆ. ಅದನ್ನು ತೆಗೆಯುವುದು ನಿಮ್ಮಂಥವರೇ. ಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ದಿನ ಇತ್ತು, ತೇವ ಎಷ್ಟು, ಬೂಸ್ಟು ಹಿಡಿದಿತ್ತಾ, ಅಫ್ಲಾಟಾಕ್ಸಿನ್ ಎಂಬ ವಿಷ ಎಷ್ಟಿದೆ, ಕೀಟನಾಶಕದ ಉಳಿಕೆ ಎಷ್ಟು ಎಂದು ಒಂದರ ಹಿಂದೆ ಒಂದು ಪರೀಕ್ಷೆ. ಕಲಬೆರಕೆಯ ಸುಡಾನ್ ಬಣ್ಣಕ್ಕೆ (ಆಹಾರಕ್ಕೆ ಹಾಕಬಾರದ ಕೆಂಪು ರಾಸಾಯನಿಕ ಬಣ್ಣ) ಬೇರೆ ಪರೀಕ್ಷೆ. 2005ರಲ್ಲಿ ಇಂಗ್ಲೆಂಡಿನಲ್ಲಿ ಸುಡಾನ್ ಬೆರೆತ ಮೆಣಸಿನಪುಡಿ ಒಂದು ಸಾಸಿಗೆ ಹೋಗಿ, ಆ ಸಾಸ್ ನೂರಾರು ತಿನಿಸುಗಳಿಗೆ ಹೋಗಿ, ಎಲ್ಲವನ್ನೂ ಅಂಗಡಿಗಳಿಂದ ವಾಪಸ್ ತೆಗೆಸಬೇಕಾಯಿತು. ಅಂದಿನಿಂದ ವಿದೇಶಿ ಖರೀದಿದಾರರು ಲ್ಯಾಬ್ ರಿಪೋರ್ಟ್ ಇಲ್ಲದ ಪುಡಿಯನ್ನು ಸುಲಭಕ್ಕೆ ನಂಬುವುದಿಲ್ಲ. ಒಂದು ರಿಪೋರ್ಟಿನ ಮೇಲೆ ಇಡೀ ಲಾರಿ ಮಾಲು ನಿಂತಿರುತ್ತದೆ. ಆ ರಿಪೋರ್ಟಿಗೆ ಸಹಿ ಹಾಕುವ ಹುಡುಗಿಯನ್ನು ಮಾಲೀಕ ಪ್ಲೇಟು ಎಣಿಸಲು ಕಳಿಸುವುದಿಲ್ಲ.

ಸಣ್ಣ ಘಟಕಗಳ ಕಥೆ ಇನ್ನೂ ಚೆಂದ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮಾದಲಿ, ಶೇಂಗಾ ಹೋಳಿಗೆ, ಸವಣೂರು ಖಾರ. ಮೊದಲು ಇವು ಮನೆಗೆ, ಹೆಚ್ಚೆಂದರೆ ಬೆಂಗಳೂರಿನ ಮಗನಿಗೆ. ಈಗ ಹುಬ್ಬಳ್ಳಿಯಿಂದ ಪಾರ್ಸೆಲ್ ಆಗಿ ಎಲ್ಲೆಲ್ಲಿಗೋ ಹೋಗುತ್ತವೆ. ಹೋಗುವಾಗಲೇ ತೊಂದರೆ ಶುರು. ಮಳೆಗಾಲದಲ್ಲಿ ಖಡಕ್ ರೊಟ್ಟಿ ಮೆತ್ತಗಾಗುತ್ತದೆ, ಯಾಕೆಂದರೆ ತೆಳು ಪ್ಲಾಸ್ಟಿಕ್ ಕವರ್ ಗಾಳಿಯ ತೇವವನ್ನು ತಡೆಯುವುದಿಲ್ಲ. ಅಗಸಿ ಚಟ್ನಿ ಬೇಗ ಕಮಟು ಹಿಡಿಯುತ್ತದೆ. ಅಗಸಿಯ ಎಣ್ಣೆಯ ಗುಣವೇ ಹಾಗೆ, ಗಾಳಿ-ಬೆಳಕಿಗೆ ಬೇಗ ಕೆಡುತ್ತದೆ, ಪುಡಿ ಮಾಡಿದ ಮೇಲಂತೂ ಇನ್ನೂ ಬೇಗ. ಶೇಂಗಾ ಸರಿಯಾಗಿ ಒಣಗದೆ ಗೋದಾಮಿಗೆ ಬಂದಿದ್ದರೆ ಎಷ್ಟೇ ಹುರಿದರೂ ಬೂಸ್ಟಿನ ವಿಷ ಪೂರ್ತಿ ಹೋಗುವುದಿಲ್ಲ. ಆಮೇಲೆ ಪ್ಯಾಕೆಟ್ ಮೇಲೆ "ಆರು ತಿಂಗಳ ಒಳಗೆ ಬಳಸಿ" ಎಂದು ಹಾಕುತ್ತಾರೆ. "ಆರು ತಿಂಗಳು ಎಂದು ಹೇಗೆ ಗೊತ್ತಾಯಿತು ಅಕ್ಕ?" ಎಂದರೆ "ಬಾಜೂಕಿನವರೂ ಹಂಗ ಹಾಕ್ಯಾರಲ್ರೀ" ಎಂಬ ಉತ್ತರ. ನಗು ಬರುತ್ತದೆ, ಆದರೆ ನಿಮಗೆ ಕೆಲಸ ಇರುವುದು ಅಲ್ಲೇ. ಅದೇ ಚಟ್ನಿಯನ್ನು ಬೇರೆ ಬೇರೆ ಕವರಿನಲ್ಲಿಟ್ಟು, ಹದಿನೈದು ದಿನಕ್ಕೊಮ್ಮೆ ತೆಗೆದು ತೇವ, ಪೆರಾಕ್ಸೈಡ್ ಮೌಲ್ಯ (ಎಣ್ಣೆ ಎಷ್ಟು ಕೆಟ್ಟಿದೆ ಎಂಬ ಅಳತೆ), ರುಚಿ ನೋಡಿ, ಯಾವ ದಿನ ಕೆಟ್ಟಿತು ಎಂದು ಬರೆದಿಟ್ಟರೆ ಆ ದಿನಾಂಕಕ್ಕೆ ಒಂದು ಆಧಾರ ಸಿಗುತ್ತದೆ. ಶೆಲ್ಫ್ ಲೈಫ್ ಅಧ್ಯಯನ ಎಂದು ನೀವು ಐದನೇ ಸೆಮಿಸ್ಟರಿನಲ್ಲಿ ಬಾಯಿಪಾಠ ಮಾಡುವುದು ಇದನ್ನೇ.

ಲೇಬಲ್ ಇನ್ನೊಂದು ಕೆಲಸ. 2006ರ ಆಹಾರ ಸುರಕ್ಷತೆ ಕಾಯ್ದೆ ಬಂದ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇಲ್ಲದೆ ಪ್ಯಾಕೆಟ್ ಮಾರುವಂತಿಲ್ಲ. ಪದಾರ್ಥಗಳನ್ನು ತೂಕದಲ್ಲಿ ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಇಳಿಸಿ ಬರೆಯಬೇಕು. ಶೇಂಗಾ ಇದ್ದರೆ ಅಲರ್ಜಿಯ ಸಾಲು ಬೇಕು. 100 ಗ್ರಾಮಿಗೆ ಎಷ್ಟು ಶಕ್ತಿ, ಪ್ರೋಟೀನ್, ಸಕ್ಕರೆ, ಕೊಬ್ಬು, ಸೋಡಿಯಂ ಎಂದು ಹೇಳಬೇಕು. ಎಷ್ಟೋ ಘಟಕಗಳು ಇದನ್ನು ಪ್ರಿಂಟಿಂಗ್ ಪ್ರೆಸ್ಸಿನ ಹುಡುಗನ ಕೈಗೆ ಬಿಡುತ್ತವೆ. ಅವನು ಹಳೇ ಬಿಸ್ಕೀಟ್ ಪ್ಯಾಕೆಟ್ ನೋಡಿ ಅಂಕಿ ಹಾಕುತ್ತಾನೆ.

ಜವೆ ಗೋಧಿಯನ್ನು ನೋಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯವೇ ಡಿಡಿಕೆ-1025, ಡಿಡಿಕೆ-1029 ಎಂಬ ತಳಿ ಬಿಡುಗಡೆ ಮಾಡಿದೆ. ಶಾವಿಗೆಗೆ, ಹುಗ್ಗಿಗೆ ನಮ್ಮವರು ಇದನ್ನೇ ಕೇಳುತ್ತಾರೆ. ತಳಿ ಇಲ್ಲೇ ಹುಟ್ಟಿತು, ರೈತ ಇಲ್ಲೇ ಇದ್ದಾನೆ, ತಿನ್ನುವವರೂ ಇದ್ದಾರೆ. 2023 ಸಿರಿಧಾನ್ಯದ ವರ್ಷ ಎಂದು ಊರೆಲ್ಲ ಬ್ಯಾನರ್ ಕಟ್ಟಿದರಲ್ಲ, ನವಣೆ, ಸಾವೆಯ ಕಥೆಯೂ ಇದೇ. ಅವುಗಳಿಂದ ಚೊಕ್ಕ ತಿನಿಸು ಮಾಡಿ, ಪರೀಕ್ಷೆ ಮಾಡಿಸಿ, ಪ್ಯಾಕ್ ಮಾಡುವವರ ಕೊರತೆ ಇದೆ.

ಈ ಕೆಲಸ ಬೇಕೆಂದರೆ ಕಾಲೇಜಿನಲ್ಲಿರುವಾಗಲೇ ಕೆಲವನ್ನು ಕಲಿಯಿರಿ. ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ ಎಂಬ ಆಹಾರ ಸುರಕ್ಷತಾ ತರಬೇತಿ ಚಿಕ್ಕದು, ಮಾಡಿಬಿಡಿ. ಎಚ್‌ಎಸಿಸಿಪಿ (ತಯಾರಿಕೆಯ ಯಾವ ಹಂತದಲ್ಲಿ ಆಹಾರಕ್ಕೆ ಅಪಾಯ, ಅದನ್ನು ಹೇಗೆ ತಡೆಯುವುದು ಎಂಬ ಯೋಜನೆ) ಎಂದರೆ ಏನು ಎಂದು ಪರೀಕ್ಷೆಗೆ ಬರೆಯುವಷ್ಟೇ ಸಾಲದು, ಒಂದು ಉಪ್ಪಿನಕಾಯಿ ಘಟಕಕ್ಕೆ ಅದನ್ನು ಬರೆದು ತೋರಿಸುವಷ್ಟು ಕಲಿಯಿರಿ. ಎಕ್ಸೆಲ್ ಬರಲೇಬೇಕು. ರಿಪೋರ್ಟ್ ಬರೆಯುವಷ್ಟು ಇಂಗ್ಲಿಷ್, ಉತ್ತರದ ಕಾರ್ಮಿಕರ ಜೊತೆ ಮಾತಾಡುವಷ್ಟು ಹಿಂದಿ ಇದ್ದರೆ ಒಳ್ಳೇದು. ಇನ್ನೂ ಆಳಕ್ಕೆ ಹೋಗುವ ಮನಸ್ಸಿದ್ದರೆ ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಇದೆ. 1950ರಿಂದ ಇರುವ ಸಂಸ್ಥೆ. ಅಲ್ಲಿನ ಎಂ.ಎಸ್ಸಿ. ಫುಡ್ ಟೆಕ್ನಾಲಜಿಗೆ ಸೀಟು ಸಿಗುವುದು ಕಷ್ಟ. ಸಿಕ್ಕರೆ ಯೋಚಿಸದೆ ಹೋಗಿ.

ಸ್ವಂತ ಘಟಕ ಹಾಕುತ್ತೇನೆ ಎನ್ನುವವರೂ ಇದ್ದೀರಿ. 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕಿರು ಆಹಾರ ಘಟಕಕ್ಕೆ ಬ್ಯಾಂಕ್ ಸಾಲದ ಜೊತೆ ಘಟಕದ ವೆಚ್ಚದ 35 ಶೇಕಡಾ, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದರು. ಇಂಥ ಯೋಜನೆಗಳು ಬರುತ್ತವೆ, ಹೋಗುತ್ತವೆ, ಅವಧಿ ಮುಗಿಯುತ್ತದೆ. ಜಿಲ್ಲೆಯ ಕೃಷಿ ಇಲಾಖೆಯಲ್ಲಿ ಈಗಿನ ಸ್ಥಿತಿ ಕೇಳಿ. ಆದರೆ ಸಬ್ಸಿಡಿ ಇದೆ ಎಂದು ಘಟಕ ಹಾಕಬೇಡಿ. ಮೊದಲು ಲೆಕ್ಕ ಕಲಿಯಿರಿ. ನಮ್ಮ ಹೆಣ್ಣುಮಕ್ಕಳು ಶೇಂಗಾ, ಬೆಳ್ಳುಳ್ಳಿ, ಖಾರದಪುಡಿಯ ಬೆಲೆ ಬರೆಯುತ್ತಾರೆ. ಗ್ಯಾಸ್ ಮನೆಯದ್ದು, ಕೆಲಸ ತಮ್ಮದು, ಅದಕ್ಕೆ ದುಡ್ಡೇ ಇಲ್ಲ. ಹಾಗೆ ಲಾಭ ಎಂದು ತೋರುವುದು ನಿಜಕ್ಕೆ ಅವರದೇ ಕೂಲಿ. ಮುಂದೆ ಒಬ್ಬಳನ್ನು ಕೆಲಸಕ್ಕೆ ಇಟ್ಟ ತಿಂಗಳೇ ಲೆಕ್ಕ ತಲೆಕೆಳಗಾಗುತ್ತದೆ. ನಿಮ್ಮ ಕೂಲಿಯನ್ನು ಮೊದಲ ದಿನದಿಂದಲೇ ಬೆಲೆಗೆ ಸೇರಿಸಿ. ಆ ಬೆಲೆಗೆ ಮಾರಾಟವಾಗದಿದ್ದರೆ ಆ ವ್ಯಾಪಾರ ಬೇಡ.

ಹಾಗಾದರೆ ಯಾವುದು ನಿಮ್ಮ ಕೆಲಸ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ? ಮೊದಲ ಎರಡು ಬೇಸಿಗೆ ರಜೆ ನಿಮ್ಮ ಕೈಯಲ್ಲಿವೆ. ಒಂದು ರಜೆಯಲ್ಲಿ ಆಸ್ಪತ್ರೆ ಅಥವಾ ಅಂಗನವಾಡಿ ಕಡೆ, ಇನ್ನೊಂದರಲ್ಲಿ ಘಟಕ ಅಥವಾ ಲ್ಯಾಬ್ ಕಡೆ ಕೆಲವು ವಾರ ಹೋಗಿ. ಸಂಬಳ ಕೇಳಬೇಡಿ ಎಂದು ನಾನು ಹೇಳುವುದಿಲ್ಲ, ಬಸ್ ಚಾರ್ಜ್ ಆದರೂ ಕೇಳಿ. ರೋಗಿಯ ಮನೆಯವರು ಅದೇ ಪ್ರಶ್ನೆಯನ್ನು ಐದನೇ ಸಲ ಕೇಳಿದಾಗಲೂ ಬೇಸರವಾಗದಿದ್ದರೆ ನೀವು ಆಸ್ಪತ್ರೆಯವರು. ಒಂದೇ ಪರೀಕ್ಷೆಯನ್ನು ಮೂರು ಸಲ ಮಾಡಿ ಅಂಕಿ ಕೂಡಿಬರದಿದ್ದಾಗ, ಊಟ ಬಿಟ್ಟು ಕಾರಣ ಹುಡುಕುವವರು ಲ್ಯಾಬಿನವರು. ಎರಡೂ ಆಗದೆ, ಊರಿನ ಹೆಂಗಸರನ್ನು ಗುಂಪು ಕೂಡಿಸಿ ಮಾತಾಡುವುದರಲ್ಲೇ ಖುಷಿ ಸಿಕ್ಕರೆ ವಿಸ್ತರಣೆ ಇದೆ, ಇಲಾಖೆ ಇದೆ. ಅಂಕಪಟ್ಟಿ ಇದನ್ನು ಹೇಳುವುದಿಲ್ಲ. ಅಪ್ಪನೂ ಹೇಳಲಾರ, ನಾನೂ ಫೋನಿನಲ್ಲಿ ಹೇಳಲಾರೆ.

ಕೊನೆಗೆ ತಾರಿಹಾಳ, ಧಾರವಾಡದ ಬೇಲೂರು, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಘಟಕಗಳ ಮಾಲೀಕರಿಗೆ ಒಂದು ವಿನಂತಿ. "ಓದಿದ ಹುಡುಗ್ಯಾರು ನಿಲ್ಲೂದಿಲ್ರಿ" ಎಂದು ನೀವು ದೂರುತ್ತೀರಿ. ಕೈಗಾರಿಕಾ ಪ್ರದೇಶದಿಂದ ಸಂಜೆ ಏಳಕ್ಕೆ ಬಸ್ ಇದೆಯಾ ನೋಡಿದ್ದೀರಾ? ಹೆಂಗಸರಿಗೆ ಬೇರೆ ಶೌಚಾಲಯ, ಅದಕ್ಕೆ ಚಿಲಕ, ನೀರು ಇದೆಯಾ? ಕ್ವಾಲಿಟಿಗೆ ಎಂದು ಸೇರಿಸಿಕೊಂಡು ಬಿಲ್ಲಿಂಗ್ ಕೌಂಟರಿನಲ್ಲಿ ಕೂಡಿಸಿದ್ದೀರಾ? ಈ ಸಲ ಬೇಸಿಗೆ ರಜೆಯಲ್ಲಿ ಕಾಲೇಜಿನ ಮಕ್ಕಳು ನಿಮ್ಮ ಗೇಟಿಗೆ ಬಂದರೆ ಇಬ್ಬರನ್ನಾದರೂ ಒಳಗೆ ಕರೆದುಕೊಳ್ಳಿ. ಬಸ್ ಚಾರ್ಜ್, ಮಧ್ಯಾಹ್ನದ ಊಟ ಕೊಡಿ. ತೇವ ಅಳೆಯುವ ಮೀಟರನ್ನು ಕೈಗೆ ಕೊಡಿ, ಮುಟ್ಟಬೇಡ ಎನ್ನಬೇಡಿ. ಅವರು ಅಳೆದ ಮಾಲಿನ ರಿಜಿಸ್ಟರಿನಲ್ಲಿ ಅವರ ಹೆಸರನ್ನೇ ಬರೆಸಿ, ಬಿಡುವ ದಿನ ಆ ಪುಟದ ಒಂದು ಜೆರಾಕ್ಸ್ ಅವರಿಗೆ ಕೊಟ್ಟು ಕಳಿಸಿ. ಮುಂದಿನ ಇಂಟರ್‌ವ್ಯೂಗೆ ಅವರಿಗೆ ಅದು ಬೇಕಾಗುತ್ತದೆ.

ಇಂತಿ,
ಧಾರವಾಡದಲ್ಲಿ ಓದಿ, ಹಾವೇರಿ-ಗದಗ ಕಡೆ ಕೆಲಸ ಮಾಡುವ ನಿಮ್ಮ ಅಕ್ಕ